ತತ್ತ್ವಶಾಸ್ತ್ರದಲ್ಲಿ ನೆಟ್ ಆಯ್ತು, ಜೆ.ಆರ್.ಎಫ್. ಸಿಗಲಿಲ್ಲ. ಮುಂದೇನು?

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯವಳು, ವಯಸ್ಸು 27. ಬಿ.ಎ.ಯಲ್ಲಿ ಇತಿಹಾಸ, ಸಮಾಜಶಾಸ್ತ್ರ, ತತ್ತ್ವಶಾಸ್ತ್ರ ಓದಿ ತತ್ತ್ವಶಾಸ್ತ್ರದಲ್ಲೇ ಎಂ.ಎ. ಮಾಡಿದ್ದೇನೆ. ಪೂರ್ತಿ ಕನ್ನಡ ಮಾಧ್ಯಮ. ಈ ಸಲ ನೆಟ್ (ಅಧ್ಯಾಪಕ ಹುದ್ದೆಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾಗಿದೆ, ಆದರೆ ಜೆ.ಆರ್.ಎಫ್. (ಸಂಶೋಧನೆಗೆ ಕೊಡುವ ಫೆಲೋಶಿಪ್) ಬರಲಿಲ್ಲ. 'ವಚನಗಳಲ್ಲಿ ತತ್ತ್ವ' ಎಂಬ ವಿಷಯದ ಮೇಲೆ ಪಿಎಚ್.ಡಿ. ಮಾಡುವ ಆಸೆ. ಒಂದು ವಿಭಾಗದಲ್ಲಿ ಸೀಟೇ ಇಲ್ಲ ಅಂದರು. ಇನ್ನೊಂದು ಕಡೆ ಫೆಲೋಶಿಪ್ ಇಲ್ಲದಿದ್ದರೂ ಸೇರಿಕೊಳ್ಳಿ, ಆಮೇಲೆ ನೋಡೋಣ ಅಂದರು. ಪರಿಚಯದವರೊಬ್ಬರು ಏಳು ಸಾವಿರ ಕೊಟ್ಟರೆ ಅಂತಾರಾಷ್ಟ್ರೀಯ ಜರ್ನಲ್‌ನಲ್ಲಿ ಎರಡು ಲೇಖನ ಹಾಕಿಸಿಕೊಡ್ತೀನಿ, ಸಂದರ್ಶನಕ್ಕೆ ಅನುಕೂಲ ಆಗುತ್ತೆ ಅಂತಿದ್ದಾರೆ. ಮನೆಯಲ್ಲಿ ಬಿ.ಎಡ್. ಮಾಡು ಅಂತ ಒತ್ತಾಯ. ವಿದೇಶದ ಮಾತೆತ್ತಿದರೆ ಅದು ದುಡ್ಡಿದ್ದವರಿಗೆ ಅಂತಾರೆ. ಈ ವಿಷಯ ತೆಗೆದುಕೊಂಡಿದ್ದೇ ತಪ್ಪಾಯ್ತಾ?

ಉತ್ತರ: ಐದಾರು ಪ್ರಶ್ನೆ ಕೇಳಿದ್ದೀರಿ. ಎಲ್ಲದರ ಹಿಂದೆ ಇರುವ ಚಿಂತೆ ಒಂದೇ ಅಂತ ನನಗನಿಸಿತು. ಇನ್ನೂ ಐದಾರು ವರ್ಷ ಇದಕ್ಕೇ ಕೊಟ್ಟರೆ ಹೊಟ್ಟೆಪಾಡಿಗೆ ದಾರಿಯಾಗುತ್ತಾ? ಅಥವಾ ಡಾಕ್ಟರೇಟ್ ಇಟ್ಟುಕೊಂಡು ಅತಿಥಿ ಉಪನ್ಯಾಸಕಿಯಾಗಿಯೇ ಉಳಿಯಬೇಕಾ? ಪಿಎಚ್.ಡಿ. ಸಂದರ್ಶನಗಳಲ್ಲಿ ಮೇಜಿನ ಈಚೆ ಕೂತು ಇದೇ ಚಿಂತೆಯನ್ನು ಬಹಳ ಮುಖಗಳಲ್ಲಿ ನೋಡಿದ್ದೇನೆ. ಹಾಗಾಗಿ ಸುಮ್ನೆ ಧೈರ್ಯ ತುಂಬುವ ಮಾತು ಬೇಡ. ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ಕೈಯಲ್ಲಿ ಈಗಾಗಲೇ ಏನಿದೆ ಅಂತ ತಿಳಿದುಕೊಳ್ಳಿ. ಜೆ.ಆರ್.ಎಫ್.ನ ಸಾಮಾನ್ಯ ವಯೋಮಿತಿ 30. ಮಹಿಳೆಯರಿಗೆ ಐದು ವರ್ಷ ಸಡಿಲಿಕೆ ಇದೆ. ಅಂದರೆ ನಿಮಗಿನ್ನೂ ಬೇಕಾದಷ್ಟು ಸಮಯವಿದೆ, ಪರೀಕ್ಷೆಯೂ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಇನ್ನು 2024ರ ಜೂನ್‌ನಿಂದ ನೆಟ್ ಫಲಿತಾಂಶ ಮೂರು ವರ್ಗಗಳಲ್ಲಿ ಬರುತ್ತಿದೆ. ನಿಮ್ಮದು ಎರಡನೆಯದು. ಅದರಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಅರ್ಹತೆ ಇದೆ, ಪಿಎಚ್.ಡಿ. ಪ್ರವೇಶಕ್ಕೂ ಇದೆ. ಪ್ರವೇಶಕ್ಕೆ ಬಳಸುವಾಗ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಒಂದು ಎಚ್ಚರಿಕೆ: ಪ್ರವೇಶದ ಮಟ್ಟಿಗೆ ಈ ಅಂಕ ಒಂದೇ ವರ್ಷ ನಡೆಯುತ್ತದೆ. ಹಾಗಾಗಿ 'ಮುಂದಿನ ವರ್ಷ ನೋಡೋಣ' ಅಂತ ಕೂರಬೇಡಿ. ಅಧ್ಯಾಪಕ ಹುದ್ದೆಯ ಅರ್ಹತೆ ಮಾತ್ರ ಕಾಯಂ.

ಆ ಹುದ್ದೆಗೆ ಪಿಎಚ್.ಡಿ. ಕಡ್ಡಾಯ ಅಂತ ಇನ್ನೂ ಬಹಳ ಜನ ನಂಬಿದ್ದಾರೆ. ವಿಶ್ವವಿದ್ಯಾಲಯಗಳಿಗೆ ಹಾಗೊಂದು ನಿಯಮ ತರಲು ಹೊರಟಿದ್ದು ನಿಜ. ಆದರೆ 2023ರ ಜುಲೈನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ), ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯಾದ ಸೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ ಅಂತ ಹೇಳಿಬಿಟ್ಟಿತು. ಕಾಗದದ ಮೇಲೆ ನೀವು ಇವತ್ತೇ ಅರ್ಹರು. ಕಷ್ಟ ಇರುವುದು ಹುದ್ದೆಗಳ ಸಂಖ್ಯೆಯಲ್ಲಿ.

'ಸೀಟಿಲ್ಲ' ಎಂಬ ಉತ್ತರದ ಬೇರೂ ಅಲ್ಲೇ ಇದೆ. ಅದನ್ನು ನಿಮ್ಮನ್ನು ಸಾಗಹಾಕಲು ಹೇಳಿದ ಮಾತು ಅಂದುಕೊಳ್ಳಬೇಡಿ. 2022ರ ಪಿಎಚ್.ಡಿ. ನಿಯಮದ ಪ್ರಕಾರ ಒಂದು ಹೊತ್ತಿಗೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನಕ್ಕೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅತಿಥಿ ಉಪನ್ಯಾಸಕರು ಎಷ್ಟೇ ಓದಿದ್ದರೂ ಲೆಕ್ಕಕ್ಕಿಲ್ಲ. ಒಂದು ವಿಭಾಗದಲ್ಲಿ ಕಾಯಂ ಅಧ್ಯಾಪಕರು ಇಬ್ಬರೇ ಇದ್ದು, ಅವರಲ್ಲೊಬ್ಬರು ನಿವೃತ್ತಿಯ ಹತ್ತಿರ ಇದ್ದರೆ ಅಲ್ಲಿ ಸೀಟು ಎಲ್ಲಿಂದ ಬರಬೇಕು? ನಿವೃತ್ತರ ಜಾಗ ತುಂಬುವುದಿಲ್ಲ. ಪಾಠಕ್ಕೆ ಜನ ಕಮ್ಮಿ ಅಂತ ಕಾಲೇಜುಗಳು ವಿಷಯವನ್ನೇ ಕೈಬಿಡುತ್ತವೆ. ವಿಷಯವಿಲ್ಲ ಅಂತ ಎಂ.ಎ.ಗೂ ಮಕ್ಕಳು ಬರುವುದಿಲ್ಲ. ಮೈಸೂರಿನಲ್ಲಿ 1918ರಿಂದ 1921ರವರೆಗೆ ರಾಧಾಕೃಷ್ಣನ್ ತತ್ತ್ವಶಾಸ್ತ್ರ ಕಲಿಸಿದ್ದರು, ಹಿರಿಯಣ್ಣನವರಂಥ ವಿದ್ವಾಂಸರು ಅಲ್ಲೇ ಪಾಠ ಹೇಳಿದ್ದರು ಅಂತ ನಾವು ಪ್ರತಿ ಸೆಮಿನಾರಿನಲ್ಲೂ ನೆನೆಯುತ್ತೇವೆ. ನೆನೆಯೋಣ, ಆದರೆ ಅದರಿಂದ ನಿಮಗೆ ಸೀಟು ಸಿಗುವುದಿಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ: ಹುಡುಕುವ ಜಾಗವನ್ನು ದೊಡ್ಡದು ಮಾಡಿ. ಮೈಸೂರು, ಧಾರವಾಡದಲ್ಲಿ ಖಂಡಿತ ಅರ್ಜಿ ಹಾಕಿ. ರಾಜ್ಯದ ವಿ.ವಿ.ಗಳಲ್ಲಿ ಪ್ರತ್ಯೇಕ ಪ್ರವೇಶ ಪರೀಕ್ಷೆ ಇದೆಯೋ, ನೆಟ್ ಅಂಕವೇ ಸಾಕೋ ಎಂಬುದನ್ನು ಆಯಾ ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಜೊತೆಗೆ ಹೈದರಾಬಾದ್ ಕೇಂದ್ರೀಯ ವಿ.ವಿ., ಜೆ.ಎನ್.ಯು., ದೆಹಲಿ, ಪುಣೆ, ಜಾದವಪುರ, ಮದ್ರಾಸ್ ವಿಶ್ವವಿದ್ಯಾಲಯದ ರಾಧಾಕೃಷ್ಣನ್ ಸಂಸ್ಥೆ, ಇವನ್ನೂ ನೋಡಿ. ನಮ್ಮ ವಿದ್ಯಾರ್ಥಿಗಳು ಪೂರ್ತಿ ಮರೆಯುವ ಒಂದು ಜಾಗ ಅಂದರೆ ಐ.ಐ.ಟಿ.ಗಳು. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೇನು ಕೆಲಸ ಅಂದುಕೊಳ್ಳುತ್ತಾರೆ. ಬಾಂಬೆ, ಕಾನ್ಪುರ, ದೆಹಲಿ, ಮದ್ರಾಸ್ ಐ.ಐ.ಟಿ.ಗಳ ಮಾನವಿಕ ವಿಭಾಗಗಳಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಿದ್ದಾರೆ, ಪಿಎಚ್.ಡಿ.ಗೂ ತೆಗೆದುಕೊಳ್ಳುತ್ತಾರೆ. ಐ.ಐ.ಟಿ. ಪ್ರವೇಶಕ್ಕೆ ಬಳಸುವ ಗೇಟ್ ಪರೀಕ್ಷೆಯಲ್ಲಿ 2021ರಿಂದ ಮಾನವಿಕ ವಿಷಯಗಳ ಪತ್ರಿಕೆ ಇದೆ, ಅದರೊಳಗೆ ತತ್ತ್ವಶಾಸ್ತ್ರಕ್ಕೇ ಒಂದು ಭಾಗವಿದೆ. ಬೆಂಗಳೂರಿನಲ್ಲಿ ಐ.ಐ.ಎಸ್‌ಸಿ. ಆವರಣದಲ್ಲೇ ಇರುವ ನಿಯಾಸ್ (ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ) ಎಂಬಲ್ಲಿ ಪ್ರಜ್ಞೆ, ವಿಜ್ಞಾನ, ಸಮಾಜ ಕುರಿತ ಸಂಶೋಧನೆ ನಡೆಯುತ್ತದೆ. ಅಲ್ಲಿ ಬಾಗಿಲ ಮೇಲೆ ತತ್ತ್ವಶಾಸ್ತ್ರ ಅಂತ ಬರೆದಿರುವುದಿಲ್ಲ, ಅಷ್ಟೇ.

ಈಗ ದುಡ್ಡಿನ ವಿಚಾರ. ಜೆ.ಆರ್.ಎಫ್. ಬಂದರೆ 2023ರ ಪರಿಷ್ಕರಣೆಯ ಪ್ರಕಾರ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆಬಾಡಿಗೆ ಭತ್ಯೆ ಬೇರೆ. ಐ.ಐ.ಟಿ.ಯಲ್ಲಿ ಪೂರ್ಣಾವಧಿ ವಿದ್ಯಾರ್ಥಿಗೆ ಸಿಗುವ ಬೋಧನಾ ಸಹಾಯಕ ವೇತನವೂ ಸುಮಾರು ಇಷ್ಟೇ, ಅದಕ್ಕೆ ಜೆ.ಆರ್.ಎಫ್. ಬೇಕೇಬೇಕು ಅಂತಿಲ್ಲ. ಕೇಂದ್ರೀಯ ವಿ.ವಿ.ಯಲ್ಲಿ ಬೇರೆ ಫೆಲೋಶಿಪ್ ಇಲ್ಲದವರಿಗೆ ತಿಂಗಳಿಗೆ 8,000 ಕೊಡುತ್ತಾರೆ. ಇವತ್ತಿನ ಕಾಲದಲ್ಲಿ ಅದು ಊಟಕ್ಕೆ ಸಾಕು, ಬಾಡಿಗೆಗೆ ಸಾಲದು. ರಾಜ್ಯ ವಿ.ವಿ.ಗಳಲ್ಲಿ ಬಹಳ ಕಡೆ ಅಷ್ಟೂ ಇಲ್ಲ.

ನೀವು ಯಾವ ವರ್ಗದವರು ಅಂತ ಬರೆದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗದವರಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಜೆ.ಆರ್.ಎಫ್. ತಪ್ಪಿದ ಎಷ್ಟೋ ಮಂದಿಗೆ ಅದೇ ಆಸರೆ. ಇನ್ನು ತತ್ತ್ವಶಾಸ್ತ್ರಕ್ಕೇ ಅಂತ ಇರುವುದು 1977ರಲ್ಲಿ ಶುರುವಾದ ಭಾರತೀಯ ತತ್ತ್ವಶಾಸ್ತ್ರ ಸಂಶೋಧನಾ ಪರಿಷತ್ತು, ಐ.ಸಿ.ಪಿ.ಆರ್. ಇದರದ್ದೇ ಜೆ.ಆರ್.ಎಫ್. ಇದೆ, ಪಿಎಚ್.ಡಿ. ಆದವರಿಗೆ ಜನರಲ್ ಫೆಲೋಶಿಪ್ ಇದೆ, ವಿಚಾರಸಂಕಿರಣ ಮತ್ತು ಪ್ರಯಾಣಕ್ಕೆ ನೆರವೂ ಇದೆ. ಅಧಿಸೂಚನೆ ವರ್ಷವರ್ಷ ಒಂದೇ ತಿಂಗಳಿಗೆ ಬರುತ್ತದೆ ಅಂತ ನಂಬಿ ಕೂರಬೇಡಿ, ತಿಂಗಳಿಗೊಮ್ಮೆ ಜಾಲತಾಣ ನೋಡುವ ರೂಢಿ ಇಟ್ಟುಕೊಳ್ಳಿ. ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆಯ ಹೆಸರನ್ನೂ ಕೇಳಿರುತ್ತೀರಿ. ಅದು ಪಿಎಚ್.ಡಿ. ಮುಗಿದ ಮೇಲಿನ ಮಾತು.

ಫೆಲೋಶಿಪ್ ಇಲ್ಲದೆ ಸೇರಿಕೊಳ್ಳಿ ಅಂದವರಿಗೆ ನನ್ನ ಉತ್ತರ: ಬೇಡ. ಮನೆಯವರು ಮೂರು ವರ್ಷ ನಿಮ್ಮ ಖರ್ಚು ನೋಡಿಕೊಳ್ಳಬಲ್ಲರು ಅಂದರೆ ಮಾತು ಬೇರೆ. ಇಲ್ಲದಿದ್ದರೆ ಮೊದಲ ವರ್ಷ ಉತ್ಸಾಹ ಇರುತ್ತದೆ, ಎರಡನೇ ವರ್ಷ ಎಲ್ಲೋ ಪಾಠಕ್ಕೆ ಹೋಗುತ್ತೀರಿ, ಮೂರನೇ ವರ್ಷಕ್ಕೆ ಪ್ರಬಂಧ ಪೆಟ್ಟಿಗೆ ಸೇರುತ್ತದೆ. ಅರ್ಧಕ್ಕೆ ನಿಂತ ಪಿಎಚ್.ಡಿ.ಗಳಲ್ಲಿ ಜಾಸ್ತಿ ಪಾಲು ನಿಂತಿದ್ದು ದುಡ್ಡಿನ ಕಾರಣಕ್ಕೆ, ಬುದ್ಧಿಯ ಕಾರಣಕ್ಕಲ್ಲ. ಅದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಏಳು ಸಾವಿರದ ಲೇಖನಕ್ಕೆ ಒಂದೇ ಮಾತು, ಕೊಡಬೇಡಿ. 2022ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮುಂಚೆ ಲೇಖನ ಪ್ರಕಟಿಸಲೇಬೇಕು ಎಂಬ ಕಡ್ಡಾಯ ಹೋಗಿದೆ (ಕೆಲವು ವಿ.ವಿ.ಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು, ಸೇರುವಾಗ ಕೇಳಿ). ಒಳ್ಳೆಯ ಜರ್ನಲ್‌ಗಳನ್ನು ಗುರುತಿಸಲು ಯುಜಿಸಿ ಮಾಡಿದ್ದ ಕೇರ್ ಪಟ್ಟಿಯೂ ಈಗ ರದ್ದಾಗಿದೆ. ಆದರೂ 'ಕೇರ್ ಪಟ್ಟಿಯಲ್ಲಿದೆ ಮೇಡಂ' ಅಂತ ಹೇಳಿ ದುಡ್ಡು ಕೀಳುವವರು ಕಮ್ಮಿಯಾಗಿಲ್ಲ. ಸಂದರ್ಶನದಲ್ಲಿ ಅಂಥ ಲೇಖನದ ಬಗ್ಗೆ ಎರಡು ಪ್ರಶ್ನೆ ಕೇಳಿದರೆ ಸಾಕು, ಗೊತ್ತಾಗಿಬಿಡುತ್ತದೆ. ಏನೂ ಪ್ರಕಟಿಸದ ಅಭ್ಯರ್ಥಿಗಿಂತ ಅವರ ಸ್ಥಿತಿ ಕಷ್ಟ.

ಹಾಗಾದರೆ ಸಂದರ್ಶನಕ್ಕೆ ಏನು ಹಿಡಿದುಕೊಂಡು ಹೋಗಬೇಕು? ನಾನು ಹೇಳಬೇಕಾದ ಮುಖ್ಯ ಮಾತು ಇದೇ. ನಿಮ್ಮದೇ ಆದ ಒಂದು ಬರಹ, ಹದಿನೈದು ಇಪ್ಪತ್ತು ಪುಟದ್ದು, ಒಂದೇ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದು. ಪಿಎಚ್.ಡಿ. ಪ್ರಸ್ತಾವ, ಫೆಲೋಶಿಪ್ ಅರ್ಜಿ, ಸೆಮಿನಾರ್, ವಿದೇಶದ ಅರ್ಜಿ, ಎಲ್ಲ ಕಡೆಗೂ ಅದೊಂದೇ ಬರಹ ಬೇರೆ ಬೇರೆ ವೇಷದಲ್ಲಿ ಹೋಗುತ್ತದೆ. ಸರ್ಟಿಫಿಕೇಟುಗಳ ಫೈಲು ಎಷ್ಟು ದಪ್ಪ ಅಂತ ತತ್ತ್ವಶಾಸ್ತ್ರದಲ್ಲಿ ಯಾರೂ ನೋಡುವುದಿಲ್ಲ. ಈ ಹುಡುಗಿ ವಾದ ಕಟ್ಟಬಲ್ಲಳಾ ಅಂತ ನೋಡುತ್ತಾರೆ.

ನಿಮ್ಮ ವಿಷಯವನ್ನೇ ತೆಗೆದುಕೊಳ್ಳಿ. 'ವಚನಗಳಲ್ಲಿ ತತ್ತ್ವ' ಅಂತ ಪ್ರಸ್ತಾವ ಬಂದರೆ ನಾನು ಪಕ್ಕಕ್ಕಿಡುತ್ತೇನೆ. ಅದು ಕಪಾಟಿನ ಮೇಲೆ ಅಂಟಿಸುವ ಚೀಟಿ, ಪ್ರಶ್ನೆಯಲ್ಲ. ಆ ವಿಷಯದ ಒಳಗೆ ಎಂಥ ಪ್ರಶ್ನೆಗಳಿವೆ ನೋಡಿ. ನಿಜವು ಮಾತಿಗೆ ಸಿಗುವುದಿಲ್ಲ ಅಂತ ಅಲ್ಲಮ ಮತ್ತೆ ಮತ್ತೆ ಹೇಳುತ್ತಾನೆ. ಸರಿ, ಆದರೆ ಹೇಳುತ್ತಿರುವುದು ಮಾತಿನಲ್ಲೇ ಅಲ್ವಾ? ಮಾತು ನಿಜವನ್ನು ಮುಟ್ಟದಿದ್ದರೆ 'ಮಾತು ಮುಟ್ಟುವುದಿಲ್ಲ' ಎಂಬ ಮಾತು ನಿಜವಾಗುವುದು ಹೇಗೆ? ಅವನ ವಚನ ಹೇಳಿಕೆಯೋ, ಬೆರಳು ತೋರಿಸುವುದೋ, ಅಥವಾ ಕೇಳುವವನ ಹಿಡಿತವನ್ನು ಸಡಿಲಿಸುವ ಕ್ರಿಯೆಯೋ? ಇದು ತತ್ತ್ವಶಾಸ್ತ್ರದ ಪ್ರಶ್ನೆ. ಎಲ್ಲವೂ ಶೂನ್ಯ ಅಂದರೆ ನಿನ್ನ ಮಾತೂ ಶೂನ್ಯ ತಾನೇ ಅಂತ ಬೌದ್ಧ ದಾರ್ಶನಿಕ ನಾಗಾರ್ಜುನನಿಗೂ ಎದುರಾಳಿಗಳು ಕೇಳಿದ್ದರು. ಅದಕ್ಕೆ ಅವನು ಕೊಟ್ಟ ಉತ್ತರವನ್ನೂ ಅಲ್ಲಮನ ದಾರಿಯನ್ನೂ ಎದುರುಬದುರು ಇಟ್ಟು ನೋಡಿದರೆ ನಿಮಗೆ ಹೇಳುವುದಕ್ಕೆ ಏನಾದರೂ ಸಿಕ್ಕೇ ಸಿಗುತ್ತದೆ.

ಇನ್ನೊಂದು ತೊಡಕೂ ಇದೆ. ಅಲ್ಲಮನನ್ನು ನಾವು ಬಹಳಷ್ಟು ಓದುವುದು ಶೂನ್ಯಸಂಪಾದನೆಯ ಮೂಲಕ. ಅದು ಹದಿನೈದನೇ ಶತಮಾನದಿಂದೀಚೆಗೆ ನಾಲ್ಕು ಜನ ನಾಲ್ಕು ರೀತಿ ಸಂಪಾದಿಸಿದ ಸಂವಾದ. ಹನ್ನೆರಡನೇ ಶತಮಾನದ ವಚನಕಾರ ಹೇಳಿದ್ದೆಷ್ಟು, ಮೂರು ಶತಮಾನದ ನಂತರ ಕೂತು ಸಂವಾದ ಕಟ್ಟಿದವರು ಸೇರಿಸಿದ ಅರ್ಥವೆಷ್ಟು? ಇದನ್ನು ಬಿಡಿಸಲು ಹಳಗನ್ನಡ, ನಡುಗನ್ನಡ ಓದುವ ಕಣ್ಣು ಬೇಕು. ಆ ಕಣ್ಣು ನಿಮಗಿದೆ, ಆಕ್ಸ್‌ಫರ್ಡ್‌ನಲ್ಲಿ ಕೂತವರಲ್ಲಿ ಬಹಳ ಜನರಿಗಿಲ್ಲ. ಕನ್ನಡ ಮಾಧ್ಯಮವನ್ನು ನೀವು ಪತ್ರದಲ್ಲಿ ಕೊರತೆಯ ಪಟ್ಟಿಗೆ ಸೇರಿಸಿದ್ದೀರಿ. ನಾನಾದರೆ ಬಂಡವಾಳ ಅಂತ ಬರೆಯುತ್ತಿದ್ದೆ. ವೇದಾಂತದ ಕಡೆ ಒಲವಿದ್ದವರಿಗೂ ಇದೇ ಮಾತು. ವ್ಯಾಸತೀರ್ಥರ ತರ್ಕಗ್ರಂಥಗಳಲ್ಲಿ, ಮೂಡುಬಿದಿರೆಯ ಜೈನ ತಾಳೆಗರಿಗಳಲ್ಲಿ ಕೆಲಸ ರಾಶಿ ಬಿದ್ದಿದೆ, ಮಾಡುವವರಿಲ್ಲ. ಅದಕ್ಕೆ ಸಂಸ್ಕೃತವೋ ಪ್ರಾಕೃತವೋ ಎರಡು ವರ್ಷ ಕೂತು ಕಲಿಯಬೇಕು.

ಇಂಗ್ಲಿಷ್ ಬಗ್ಗೆ ಮುಚ್ಚುಮರೆ ಬೇಡ. ನೆಟ್ ಪತ್ರಿಕೆ ಬರುವುದೇ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅದನ್ನು ಪಾಸು ಮಾಡಿದ್ದೀರಿ ಅಂದರೆ ಓದುವ ಇಂಗ್ಲಿಷ್ ಇದೆ. ಬರೆಯುವ ಇಂಗ್ಲಿಷ್ ಬೇರೆ ಅಭ್ಯಾಸ. ಕೆಲವು ವಿ.ವಿ.ಗಳಲ್ಲಿ ಪ್ರಬಂಧವನ್ನು ಕನ್ನಡದಲ್ಲೂ ಬರೆಯಬಹುದು, ಬರೆಯಿರಿ, ಆದರೆ ಒಂದು ಲೇಖನವಾದರೂ ಇಂಗ್ಲಿಷಿನಲ್ಲಿ ಇರಲಿ. ಇಲ್ಲದಿದ್ದರೆ ರಾಜ್ಯದ ಗಡಿ ದಾಟುವುದು ಕಷ್ಟ. ಸ್ಟ್ಯಾನ್‌ಫರ್ಡ್ ವಿ.ವಿ.ಯವರ ತತ್ತ್ವಶಾಸ್ತ್ರ ವಿಶ್ವಕೋಶ ಅಂತರ್ಜಾಲದಲ್ಲಿ ಉಚಿತವಾಗಿದೆ. ವಾರಕ್ಕೊಂದು ಲೇಖನ ಓದಿ, ಅದರ ವಾದವನ್ನು ಒಂದು ಪುಟದಲ್ಲಿ ನಿಮ್ಮ ಇಂಗ್ಲಿಷಿನಲ್ಲಿ ಬರೆದಿಡಿ. ಕೋಚಿಂಗಿಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ವಿದೇಶ ದುಡ್ಡಿದ್ದವರಿಗೆ ಮಾತ್ರ ಎಂಬುದು ಅರ್ಧ ಸತ್ಯ. ಬ್ರಿಟನ್ನಿನಲ್ಲಿ ಒಂದು ವರ್ಷದ ಎಂ.ಎ. ಸ್ವಂತ ಖರ್ಚಿನಲ್ಲಿ ಮಾಡಹೊರಟರೆ ಅದು ನಿಜ, ಸಾಲ ಮಾಡಿ ಹೋಗಲೇಬೇಡಿ. ಆದರೆ ಅಮೆರಿಕದ ಒಳ್ಳೆಯ ವಿಭಾಗಗಳಲ್ಲಿ ತತ್ತ್ವಶಾಸ್ತ್ರದ ಪಿಎಚ್.ಡಿ. ಅಂದರೆ ಸಾಮಾನ್ಯವಾಗಿ ಶುಲ್ಕ ಮನ್ನಾ ಆಗಿ, ಐದು ವರ್ಷ ಜೀವನಕ್ಕೆ ವೇತನ ಸಿಗುತ್ತದೆ, ಬದಲಿಗೆ ಪಾಠದಲ್ಲಿ ಸಹಾಯ ಮಾಡಬೇಕು. ಜಾರ್ಜಿಯಾ ಸ್ಟೇಟ್‌ನಂಥ ಕೆಲವೆಡೆ ಎಂ.ಎ.ಗೂ ನೆರವು ಕೊಡುತ್ತಾರೆ. ಭಾರತೀಯ ತತ್ತ್ವಶಾಸ್ತ್ರಕ್ಕೆ ಹವಾಯಿ ವಿ.ವಿ. ಹಳೆಯ ನೆಲೆ. ಪೂರ್ವ–ಪಶ್ಚಿಮ ತತ್ತ್ವಜ್ಞಾನಿಗಳ ಸಮ್ಮೇಳನ ಅಲ್ಲಿ ಶುರುವಾಗಿದ್ದು 1939ರಲ್ಲೇ. ಜರ್ಮನಿಯಲ್ಲಿ ಎಷ್ಟೋ ಪಿಎಚ್.ಡಿ. ಜಾಗಗಳು ಸಂಬಳದ ನೌಕರಿಯೇ ಆಗಿರುತ್ತವೆ.

ಅಪಾಯವನ್ನೂ ಹೇಳಿಬಿಡುತ್ತೇನೆ. ಹೆಸರಾಂತ ವಿಭಾಗಕ್ಕೆ ನೂರಾರು ಅರ್ಜಿ ಬರುತ್ತವೆ, ತೆಗೆದುಕೊಳ್ಳುವುದು ಬೆರಳೆಣಿಕೆಯಷ್ಟು ಜನರನ್ನು. ಒಂದೊಂದು ಅರ್ಜಿಗೆ ಏಳೆಂಟು ಸಾವಿರ ರೂಪಾಯಿ ಖರ್ಚು, ಇಂಗ್ಲಿಷ್ ಪರೀಕ್ಷೆಯ ಶುಲ್ಕ ಬೇರೆ. ಶುಲ್ಕ ಮನ್ನಾ ಮಾಡಿ ಅಂತ ಕೇಳಿದರೆ ಕೆಲವರು ಮಾಡುತ್ತಾರೆ, ಕೇಳಲು ನಾಚಿಕೊಳ್ಳಬೇಡಿ. ಮೂರು ಶಿಫಾರಸು ಪತ್ರ ಬೇಕು. 'ಶಿಸ್ತಿನ ವಿದ್ಯಾರ್ಥಿನಿ, ಒಳ್ಳೆಯ ನಡತೆ' ಅಂತ ಬರೆದ ಪತ್ರ ಅಲ್ಲಿ ನಡೆಯುವುದಿಲ್ಲ. ನಿಮ್ಮ ಬರಹ ಓದಿ ಅದರ ಬಗ್ಗೆ ಬರೆಯುವ ಮೇಷ್ಟ್ರು ಬೇಕು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ನೋಡುತ್ತಿದ್ದರೆ ಒಂದು ವಿಷಯ ಗಮನಿಸಿ: 2022ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ವಿಷಯಗಳನ್ನು ಹೊರಗಿಟ್ಟಿತು. ವಚನದ ಮೇಲಿನ ಸಂಶೋಧನೆಗೆ ಅದು ಸಿಗುವುದು ಕಷ್ಟ. ಈ ನಿಯಮ ನನಗೆ ಸರಿ ಕಂಡಿಲ್ಲ, ಆದರೆ ಅರ್ಜಿ ಹಾಕುವವರಿಗೆ ಗೊತ್ತಿರಬೇಕು. ಕರ್ನಾಟಕದ ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ 'ಪ್ರಬುದ್ಧ' ಯೋಜನೆಯನ್ನೂ ವಿಚಾರಿಸಬಹುದು. ಇಲ್ಲೇ ಪಿಎಚ್.ಡಿ.ಗೆ ಸೇರಿದ ಮೇಲೆ ಫುಲ್‌ಬ್ರೈಟ್–ನೆಹರು ಫೆಲೋಶಿಪ್‌ನಲ್ಲಿ 6ರಿಂದ 9 ತಿಂಗಳು ಅಮೆರಿಕದಲ್ಲಿ ಕೂತು ಓದಿಬರುವ ದಾರಿಯೂ ಇದೆ. ನಿಮ್ಮಂಥವರಿಗೆ ನಾನು ಹೆಚ್ಚಾಗಿ ಹೇಳುವುದು ಈ ಕೊನೆಯ ದಾರಿಯನ್ನೇ.

ಮನೆಯವರ ಬಿ.ಎಡ್. ಮಾತನ್ನು ತಳ್ಳಿಹಾಕಬೇಡಿ, ಆದರೆ ಲೆಕ್ಕ ಸರಿಯಾಗಿ ಹಾಕಿ. ಹೈಸ್ಕೂಲಿನಲ್ಲಿ ತತ್ತ್ವಶಾಸ್ತ್ರ ಇಲ್ಲ. ಅಲ್ಲಿ ನಿಮಗೆ ಉಪಯೋಗಕ್ಕೆ ಬರುವುದು ಬಿ.ಎ.ಯ ಇತಿಹಾಸ, ಸಮಾಜಶಾಸ್ತ್ರ. ಪಿಯುಸಿಯಲ್ಲಿ ತರ್ಕಶಾಸ್ತ್ರ ಒಂದು ವಿಷಯವಾಗಿ ಇದೆ, ಉಪನ್ಯಾಸಕರಾಗಲು ಎಂ.ಎ. ಜೊತೆ ಬಿ.ಎಡ್. ಬೇಕು. ಆದರೆ ಆ ವಿಷಯದ ಹುದ್ದೆಗಳು ಬಹಳ ಕಮ್ಮಿ. ಎರಡು ವರ್ಷದಲ್ಲಿ ಮನೆಗೆ ಸಂಬಳ ಬರಲೇಬೇಕು ಎಂಬ ಸ್ಥಿತಿ ಇದ್ದರೆ ಬಿ.ಎಡ್. ಮಾಡಿ, ಅದರ ನಡುವೆಯೇ ನೆಟ್ ಬರೆಯುತ್ತಿರಿ. ಪಿಎಚ್.ಡಿ. ಎರಡು ವರ್ಷ ತಡವಾದರೆ ಆಕಾಶ ಬೀಳುವುದಿಲ್ಲ. ಆ ಒತ್ತಡ ಇಲ್ಲದಿದ್ದರೆ ಸುಮ್ಮನೆ 'ಇರಲಿ' ಅಂತ ಬಿ.ಎಡ್. ಬೇಡ.

ಮನೆಯಲ್ಲಿ ಇನ್ನೊಂದು ಮಾತು ಬಂದೇ ಬರುತ್ತದೆ, ಮದುವೆ. ಪಿಎಚ್.ಡಿ. ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮಹಿಳೆಯರಿಗೆ ಎರಡು ವರ್ಷ ಹೆಚ್ಚುವರಿ ಸಿಗುತ್ತದೆ, ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನದವರೆಗೆ ರಜೆ ಇದೆ. ಇದು ನಿಯಮದಲ್ಲೇ ಇದೆ, ಯಾರ ಕೃಪೆಯೂ ಅಲ್ಲ.

ಕಾಲೇಜಿನ ಆಚೆ ಒಂದು ಕ್ಷೇತ್ರವನ್ನು ಮಾತ್ರ ಹೇಳುತ್ತೇನೆ, ವೈದ್ಯಕೀಯ ನೀತಿಶಾಸ್ತ್ರ. ಮನುಷ್ಯರ ಮೇಲೆ ನಡೆಯುವ ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ (ಐ.ಸಿ.ಎಂ.ಆರ್.) 2017ರ ಮಾರ್ಗಸೂಚಿಯಲ್ಲಿ ಆ ಸಮಿತಿಯ ಸದಸ್ಯರಾಗಬಲ್ಲವರ ಸಾಲಿನಲ್ಲಿ ಸಮಾಜವಿಜ್ಞಾನಿಯ ಜೊತೆ ತತ್ತ್ವಶಾಸ್ತ್ರಜ್ಞರ ಹೆಸರೂ ಇದೆ. ಐ.ಸಿ.ಎಂ.ಆರ್.ನ ಜೈವಿಕ ನೀತಿ ಘಟಕ ಇರುವುದು ಬೆಂಗಳೂರಿನಲ್ಲಿ. ಮಂಗಳೂರಿನ ಯೆನೆಪೋಯ ವಿ.ವಿ.ಯಲ್ಲಿ ನೀತಿಶಾಸ್ತ್ರಕ್ಕೇ ಒಂದು ಕೇಂದ್ರವಿದೆ. ಸಮಿತಿಯ ಸದಸ್ಯತ್ವವೇ ನೌಕರಿಯಲ್ಲ, ಆದರೆ ಬೋಧನೆ, ಯೋಜನಾ ಸಹಾಯಕ ಕೆಲಸಗಳು ಇದರ ಸುತ್ತ ಹುಟ್ಟುತ್ತಿವೆ. ನಮ್ಮವರು ಆ ಕಡೆ ತಿರುಗಿಯೂ ನೋಡಿಲ್ಲ.

ಸದ್ಯಕ್ಕೆ ಹೀಗೆ ಮಾಡಿ. ಮೂರು ತಿಂಗಳು ಆ ಒಂದು ಬರಹಕ್ಕೆ ಕೊಡಿ. ಜೊತೆಯಲ್ಲೇ ಮುಂದಿನ ನೆಟ್‌ಗೆ ಅರ್ಜಿ ಹಾಕಿ. ಬರಹದ ಮೊದಲ ಕರಡು ಆದ ಮೇಲೆ ಐದಾರು ಅಧ್ಯಾಪಕರನ್ನು ಆರಿಸಿ, ಅವರು ಬರೆದ ಒಂದು ಲೇಖನವನ್ನಾದರೂ ಓದಿ, ಆಮೇಲೆ ಮಿಂಚಂಚೆ ಕಳಿಸಿ. ಹತ್ತು ಸಾಲು ಸಾಕು: ನೀವು ಯಾರು, ನಿಮ್ಮ ಪ್ರಶ್ನೆ ಏನು, ಅವರ ಯಾವ ಮಾತು ನಿಮ್ಮ ಪ್ರಶ್ನೆಗೆ ತಾಗುತ್ತದೆ, ಮುಂದಿನ ಪ್ರವೇಶದಲ್ಲಿ ಅವರ ಬಳಿ ಜಾಗ ಇರುತ್ತಾ. 'ಪೂಜ್ಯರೇ, ತಮ್ಮ ಆಶೀರ್ವಾದದಿಂದ' ಅಂತ ಶುರುಮಾಡಬೇಡಿ. ಅವರ ಬಳಿ ಈಗ ಓದುತ್ತಿರುವ ವಿದ್ಯಾರ್ಥಿಗಳನ್ನು ಹುಡುಕಿ, ಕರಡು ಕೊಟ್ಟರೆ ಎಷ್ಟು ದಿನಕ್ಕೆ ಓದಿಕೊಡುತ್ತಾರೆ ಅಂತ ಕೇಳಿ. ಆ ಒಂದು ಉತ್ತರದಿಂದ ಮಾರ್ಗದರ್ಶಕರ ಬಗ್ಗೆ ಮುಕ್ಕಾಲು ಭಾಗ ಗೊತ್ತಾಗುತ್ತದೆ. ಮಿಂಚಂಚೆಗೆ ಎರಡು ವಾರ ಉತ್ತರ ಬಾರದಿದ್ದರೆ ಒಂದು ಸಲ ನೆನಪಿಸಿ. ಆಗಲೂ ಬಾರದಿದ್ದರೆ ಮುಂದಿನವರಿಗೆ ಬರೆಯಿರಿ.